ಧಕ್ಕಾ ಬ್ಯಾರೆ, ಧಕ್ಕೆ ಬ್ಯಾರೆ

ಕ್ಯಾರಂ ಪೌಡರಿಗೆ ವಾಸನೆಯೇ ಇಲ್ಲ ಎಂದು ನನ್ನ ಮಗಳು ವಾದಿಸುತ್ತಾಳೆ. ಇದೆ. ತುಸು ಸುಣ್ಣದ ಹಾಗೆ, ತುಸು ಹಳೆಯ ಪ್ಲೈವುಡ್ಡಿನ ಹಾಗೆ, ಮೂಗಿನ ತುದಿಯಲ್ಲಿ ಒಣಗಿ ಕೂರುವ ವಾಸನೆ. ಕಳೆದ ಭಾನುವಾರ ನಮ್ಮ ಮುಲುಂಡಿನ ಬಿಲ್ಡಿಂಗಿನ ಮಕ್ಕಳೆಲ್ಲ ಕೆಳಗೆ ಪಾರ್ಕಿಂಗಿನಲ್ಲಿ ಬೋರ್ಡು ಹಾಕಿಕೊಂಡು ಗದ್ದಲವೆಬ್ಬಿಸಿದ್ದರು. ನಾನು ಅಡುಗೆಮನೆಯಲ್ಲಿ ಚಪಾತಿಗೆ ಹಿಟ್ಟು ನಾದುತ್ತಿದ್ದೆ. ಇವಳು ಆಟ ಮುಗಿಸಿ ಬಂದವಳು ಬಿಳಿ ಬಿಳಿ ಕೈಯಲ್ಲೇ ನನ್ನ ಬೆನ್ನಿಗೊಂದು ಕೊಟ್ಟು, "ಮಮ್ಮಿ, ಹಸಿವು… ಬಹುತ್ ಹಸಿವು" ಎಂದಳು. ನಾನು ತೊಟ್ಟಿದ್ದುದು ಕಪ್ಪು ಕುರ್ತಾ. ಬೈಯಬೇಕೆಂದು ಬಾಯಿ ತೆರೆದವಳು ಮೊದಲು ಕನ್ನಡಿಯ ಕಡೆ ಹೋದೆ. ಕನ್ನಡಿಗೆ ಬೆನ್ನು ಮಾಡಿ ಕತ್ತು ತಿರುಗಿಸಿ ನೋಡಿದರೆ, ಎರಡು ಭುಜಗಳ ನಡುವೆ ಬೆರಳುಗಳೆಲ್ಲ ಸ್ಪಷ್ಟವಾಗಿ ಮೂಡಿದ ಒಂದು ಬಿಳಿ ಅಂಗೈ… ಸರಿಯಾಗಿ ಅದೇ ಜಾಗದಲ್ಲಿ.

ಅಲ್ಲೇ ಅಕ್ಕೋರ ಕೈ ಇರುತ್ತಿತ್ತು.

ಅಕ್ಕೋರು ಎಂದರೆ ಘಾಟ್ಕೋಪರಿನಲ್ಲಿದ್ದ ನಮ್ಮ ಕನ್ನಡ ಶಾಲೆಯ ವಿಜ್ಞಾನದ ಟೀಚರು. ನಾವು ಉಡುಪಿ ಕಡೆಯವರು, ನಮಗೆ ಕಲಿಸುವ ಹೆಂಗಸರೆಲ್ಲ ಟೀಚರ್. ಆದರೆ ನಮ್ಮ ಕ್ಲಾಸಿನಲ್ಲಿ ಅರ್ಧಕ್ಕರ್ಧ ವಿಜಯಪುರ, ಕಲಬುರಗಿ ಕಡೆಯಿಂದ ಬಿಲ್ಡಿಂಗ್ ಕಟ್ಟುವ ಕೆಲಸಕ್ಕೆ ಬಂದವರ ಮಕ್ಕಳು. ಅವರ ಬಾಯಲ್ಲಿ ಟೀಚರ್ ಎಂದರೆ ಅಕ್ಕೋರು. ಸ್ವತಃ ಅವರೂ ವಿಜಯಪುರದ ಕಡೆಯವರೇ. "ಟೀಚರ್ ಅಂದ್ರ ನಾ ಯಾರನ್ನೋ ಕರದ್ರು ಅಂತ ಹಿಂದ ಹೊಳ್ಳಿ ನೋಡ್ತೀನಿ" ಎನ್ನುತ್ತಿದ್ದರು. ಹಾಗಾಗಿ ಹೋಟೆಲಿನವರ ಮಕ್ಕಳಾದ ನಾವೂ ನಿಧಾನಕ್ಕೆ ಅಕ್ಕೋರೇ ಎನ್ನಲು ಕಲಿತೆವು. ಮನೆಯಲ್ಲಿ ಒಮ್ಮೆ ಬಾಯಿ ತಪ್ಪಿ ಹಾಗೆಂದಾಗ ಅಮ್ಮ, "ಯಾರು ಆ ಅಕ್ಕ?" ಎಂದು ಕೇಳಿದ್ದಳು.

ಅಕ್ಕೋರು ಗಿಡ್ಡಗೆ, ತುಂಬಿದ ಮೈಯ ಹೆಂಗಸು. ಮುಲುಂಡಿನಿಂದ ದಿನಾ ಬೆಳಗಿನ ಲೋಕಲ್ ಹಿಡಿದು ಬರುವವರು. ಆ ಹೊತ್ತಿನ ಲೇಡೀಸ್ ಡಬ್ಬದಿಂದ ಇಳಿದವರ ಅವತಾರ ಮುಂಬಯಿಯವರಿಗೆ ಹೇಳಬೇಕಾಗಿಲ್ಲ. ಒಬ್ಬರ ಹೂವು ಇನ್ನೊಬ್ಬರ ಪಿನ್ನಿನಲ್ಲಿ, ಒಬ್ಬರ ದುಪಟ್ಟಾ ಇನ್ನೊಬ್ಬರ ಬ್ಯಾಗಿನಲ್ಲಿ. ಅಕ್ಕೋರ ಹತ್ತಿಸೀರೆಯ ನಿರಿಗೆ ಮಾತ್ರ ಒಂದೂ ಕೆಟ್ಟಿರುತ್ತಿರಲಿಲ್ಲ. ಈಗಷ್ಟೇ ಉಟ್ಟು ಬಾಗಿಲು ದಾಟಿದವರಂತೆ ಬರುತ್ತಿದ್ದರು. ಊಟದ ಡಬ್ಬಿಯೊಳಗಿನ ಕಡಕ್ ರೊಟ್ಟಿಯ ಕತೆ ಬೇರೆ. ಅದು ಘಾಟ್ಕೋಪರ್ ಬರುವಷ್ಟರಲ್ಲಿ ಪುಡಿಪುಡಿ. ಅದನ್ನೇ ಮೊಸರು, ಶೇಂಗಾ ಚಟ್ನಿ ಕಲಸಿ ಚಮಚದಲ್ಲಿ ತಿನ್ನುತ್ತ, "ರೊಟ್ಟಿಗೆ ಬುದ್ಧಿ ಇಲ್ಲ, ಬಿರುಸಾಗಿ ಕೂಡ್ತೈತಿ, ಅದಕ್ಕ ಮುರೀತೈತಿ" ಎಂದು ರೊಟ್ಟಿಯನ್ನೇ ಬೈಯುತ್ತಿದ್ದರು. ಆಗ ನಮಗೆ ನಗು ಬರುತ್ತಿತ್ತು ಅಷ್ಟೇ.

ಈಗ ನನ್ನ ಕೈ ಮುರಿದ ಕತೆ ಹೇಳಬೇಕು. ಒಂಬತ್ತನೇ ಕ್ಲಾಸಿನಲ್ಲಿದ್ದೆ. ದಾದರಿನಲ್ಲಿ ನೆಂಟರ ಮದುವೆ. ಅಮ್ಮನ ಜತೆ ಘಾಟ್ಕೋಪರ್ ಸ್ಟೇಷನ್ನಿನಲ್ಲಿ ನಿಂತಿದ್ದೆ. ಗಾಡಿ ಬಂತು, ಒಳಗಿನವರು ಇಳಿಯಲು ನುಗ್ಗಿದರು, ಹೊರಗಿನವರು ಹತ್ತಲು ನುಗ್ಗಿದರು, ನಾನು ನಡುವೆ ಕಂಬದ ಹಾಗೆ ನಿಂತೆ. ಯಾರದೋ ಭುಜ ತಾಗಿತು. ಹಿಂದಕ್ಕೆ ಎಗರಿ ಬಿದ್ದೆ. ಕೈಯೂರಿದ್ದಕ್ಕೆ ಮಣಿಕಟ್ಟಿನ ಮೂಳೆ ಹೋಯಿತು. ಮಲಗಿದಲ್ಲಿಂದಲೇ ಕಂಡದ್ದು ಇನ್ನೂ ಕಣ್ಣಲ್ಲಿದೆ… ಗಾಡಿ ಹೊರಟಿತ್ತು, ಪ್ಲಾಟ್‌ಫಾರ್ಮಿನ ಅಂಚಿನ ಸಂದಿಯಲ್ಲಿ ಚಕ್ರಗಳು ಉರುಳುತ್ತಿದ್ದವು.

ಅಪ್ಪ ಸಂಜೆ ಪಿಸಿಓದಿಂದ ಊರಿಗೆ ಫೋನು ಮಾಡಿ ಅಜ್ಜಿಗೆ ವಿಷಯ ತಿಳಿಸಿದರು. ಇಷ್ಟು ವರ್ಷ ಮುಂಬಯಿಯಲ್ಲಿದ್ದು ಅವರ ನಾಲಿಗೆಗೆ ಹತ್ತಿದ್ದ ಮಾತೇ ಬಂತು. "ಸ್ಟೇಷನ್ನಿನಲ್ಲಿ ಮಗುವಿಗೆ ಧಕ್ಕಾ ಆಯ್ತು" ಎಂದರು. ಇಲ್ಲಿ ಧಕ್ಕಾ ಎಂದರೆ ನೂಕು. ಅಜ್ಜಿಯ ಮನೆ ಮಲ್ಪೆಯ ಹತ್ತಿರ. ಅಲ್ಲಿ ಧಕ್ಕೆ ಎಂದರೆ ದೋಣಿಗಳು ಬಂದು ನಿಲ್ಲುವ ಕಟ್ಟೆ. ಕಿವಿ ಮಂದವಾಗಿದ್ದ ಅಜ್ಜಿ ಅಲ್ಲಿಂದ, "ಹೆಣ್ಣುಮಗುವನ್ನು ಧಕ್ಕೆಗೆ ಎಂತಕ್ಕೆ ಕಳಿಸಿದ್ದು ಮಾರಾಯ? ನೀರಿಗೆ ಬಿದ್ದಳಾ? ಯಾರು ಎತ್ತಿದ್ದು?" ಎಂದು ಬೊಬ್ಬೆ ಹೊಡೆದಳು. ಅಪ್ಪ ವಿವರಿಸುವಷ್ಟರಲ್ಲಿ ಲೈನು ಕಡಿಯಿತು. ಮರುದಿನದೊಳಗೆ ನನ್ನನ್ನು ಮೀನುಗಾರರು ಬಲೆ ಹಾಕಿ ಸಮುದ್ರದಿಂದ ಎತ್ತಿದರೆಂದು ಊರಿಡೀ ಸುದ್ದಿ. ಈಗಲೂ ಊರಿಗೆ ಹೋದರೆ, "ನೀರಿಗೆ ಬಿದ್ದದ್ದು ನೀನೇ ಅಲ್ವಾ?" ಎಂದು ಕೇಳುವವರು ಒಬ್ಬಿಬ್ಬರಾದರೂ ಸಿಗುತ್ತಾರೆ. ನಾನೂ ಹೌದೆನ್ನುತ್ತೇನೆ. ಯಾರು ವಿವರಿಸುತ್ತ ಕೂರುವುದು!

ಕೈ ಕೂಡಿತು. ಭಯ ಹೋಗಲಿಲ್ಲ. ಗಾಡಿಯ ಹಾರ್ನ್ ದೂರದಿಂದ ಕೇಳಿದರೂ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಎಲ್ಲಿಗೆ ಹೋಗುವುದಿದ್ದರೂ ಬಸ್ಸು, ಇಲ್ಲವಾದರೆ ಹೋಗುವುದೇ ಇಲ್ಲ. ಮುಂಬಯಿಯಲ್ಲಿ ಹುಟ್ಟಿ ಲೋಕಲಿಗೆ ಹೆದರುವುದೆಂದರೆ ಮಲ್ಪೆಯಲ್ಲಿ ಹುಟ್ಟಿ ಮೀನಿಗೆ ಹೆದರಿದ ಹಾಗೆ. ಎಲ್ಲರೂ ನಗುತ್ತಿದ್ದರು.

ಅದೇ ಪೆಟ್ಟು ನನಗೆ ಇನ್ನೊಂದು ಹುಚ್ಚನ್ನೂ ಹತ್ತಿಸಿತ್ತು. ಆಸ್ಪತ್ರೆಯವರು ನನ್ನ ಕೈಯ ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದಾಗ ಅಳು ನಿಂತೇ ಹೋಗಿತ್ತು. ಚರ್ಮ ದಾಟಿ ಮೂಳೆಯನ್ನು ಮಾತ್ರ ಹುಡುಕಿ ತೋರಿಸುವ ಅದೆಂಥ ಬೆಳಕು! ನನಗೆ ಸೈನ್ಸ್ ಓದಬೇಕು, ಆ ಮೆಷಿನ್ನಿನ ಹಿಂದೆ ನಿಲ್ಲಬೇಕು ಎಂದು ಅಂದೇ ತೀರ್ಮಾನವಾಯಿತು. ಆದರೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರವಿದ್ದ ಕಾಲೇಜಿನಲ್ಲಿ ಕಾಮರ್ಸ್ ಮಾತ್ರ. ಸೈನ್ಸ್ ಬೇಕಾದರೆ ಮಾಟುಂಗಾ. ಮಾಟುಂಗಾ ಎಂದರೆ ಬೆಳಗಿನ ಲೋಕಲ್. ಅಪ್ಪ ಹತ್ತನೇ ಕ್ಲಾಸು ಶುರುವಾಗುವ ಮೊದಲೇ ಹೇಳಿಬಿಟ್ಟಿದ್ದರು, "ಸುಮ್ಮನೆ ಆಸೆ ಇಟ್ಕೊಳ್ಬೇಡ ಮಗಾ. ಗಾಡಿ ಹತ್ತಲಿಕ್ಕೆ ಆಗದವಳಿಗೆ ಮಾಟುಂಗಾ ಆಗುದಿಲ್ಲ. ಕಾಮರ್ಸೇ ಮಾಡು." ಅದರಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ.

ಹತ್ತನೇ ಕ್ಲಾಸಿನಲ್ಲಿ ಆ ಪಾಠ ಬಂತು. ಎರಡು ವಸ್ತುಗಳು ಡಿಕ್ಕಿ ಹೊಡೆದಾಗ ಸಂವೇಗ ಏನಾಗುತ್ತದೆ, ಶಕ್ತಿ ಏನಾಗುತ್ತದೆ ಎಂಬ ಪಾಠ. ನಮ್ಮ ಶಾಲೆಯಲ್ಲಿ ಪ್ರಯೋಗಾಲಯ ಎಂಬ ಬೋರ್ಡಿತ್ತು, ಪ್ರಯೋಗಾಲಯವಿರಲಿಲ್ಲ. ಆ ಕೋಣೆಯ ತುಂಬ ಮುರಿದ ಬೆಂಚುಗಳು. ಅಕ್ಕೋರು ಆಟದ ಕಪಾಟಿನಿಂದ ಕ್ಯಾರಂ ಬೋರ್ಡನ್ನು ಹೊರಿಸಿಕೊಂಡು ಬಂದು ಮೇಜಿನ ಮೇಲೆ ಹಾಕಿಸಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೌಡರ್ ಉದುರಿಸಿ, ಅಂಗೈಯಿಂದ ಬೋರ್ಡಿನ ತುಂಬ ಸವರಿದರು. ಕ್ಲಾಸಿಗೇ ಆ ವಾಸನೆ ಹರಡಿತು.

"ಬರ್ರಿ, ಸುತ್ತ ನಿಂದರ್ರಿ. ಆಟ ಅಲ್ಲಿದು, ಪಾಠ. ಯಾರರ ಕ್ವೀನ್ ಕದ್ರ ನೋಡ್ರಿ ಮತ್ತ!"

ನಡುವೆ ಒಂದು ಬಿಳಿ ಗೋಟಿ ಇಟ್ಟರು. ಕಪ್ಪು ಗೋಟಿಯೊಂದನ್ನು ಬೆರಳಿನಿಂದ ನೇರ ಅದಕ್ಕೆ ಹೊಡೆದರು. ಟಕ್! ಕಪ್ಪು ಇದ್ದಲ್ಲೇ ನಿಂತಿತು, ಬಿಳಿ ಅದೇ ವೇಗದಲ್ಲಿ ಮುಂದಕ್ಕೆ ಜಾರಿತು.

"ಕರೀದು ಯಾಕ ನಿಂತ್ತು?"

"ದಮ್ ಖತಮ್ ಆತ್ರಿ ಅಕ್ಕೋರ" ಎಂದಿತು ಹಿಂದಿನಿಂದ ಒಂದು ದನಿ.

"ಖತಮ್ ಆಗಿಲ್ಲೋ, ಕೊಟ್ಟಿತು. ತನ್ನ ಕಡೆ ಇದ್ದದ್ದೆಲ್ಲಾ ಬಿಳೀದಕ್ಕ ಕೊಟ್ಟು ತಾ ನಿಂತ್ತು. ಕಳಕೊಂಡದ್ದಲ್ಲ, ಕೊಟ್ಟದ್ದು. ಆದ್ರ ಹಿಂಗ ಪೂರಾ ಕೊಟ್ಟು ನಿಂದರಬೇಕಂದ್ರ ಎರಡೂ ಸಮಾ ತೂಕ ಇರಬೇಕು. ಇದು ನೆನಪಿರಲಿ."

ಆಮೇಲೆ ಸ್ಟ್ರೈಕರಿನಿಂದ ಗೋಟಿಗೆ ಹೊಡೆದರು. ಗೋಟಿ ಓಡಿಹೋಯಿತು, ಸ್ಟ್ರೈಕರೂ ಅದರ ಹಿಂದೆ ನಿಧಾನಕ್ಕೆ ಹೋಯಿತು. ಭಾರದ್ದು ಹಗುರದ್ದಕ್ಕೆ ತಾಗಿದರೆ ಭಾರದ್ದು ನಿಲ್ಲುವುದಿಲ್ಲ, ತಾನೂ ಸ್ವಲ್ಪ ಮುಂದೆ ಹೋಗುತ್ತದೆ. ಕೊನೆಗೆ ಗೋಟಿಯನ್ನು ಸ್ಟ್ರೈಕರಿಗೆ ಹೊಡೆದರು. ಗೋಟಿ ತಾಗಿದ್ದೇ ಹಿಂದಕ್ಕೆ ಪುಟಿಯಿತು. ಅದನ್ನು ನೋಡಿ ನನ್ನ ಕೈ ತಾನಾಗಿಯೇ ಇನ್ನೊಂದು ಕೈಯ ಮಣಿಕಟ್ಟನ್ನು ಹಿಡಿದುಕೊಂಡಿತು. ಅಕ್ಕೋರ ಕಣ್ಣು ಒಮ್ಮೆ ಅತ್ತ ಹೊರಳಿತು.

ಮರುದಿನ ಅವರ ಡಬ್ಬಿಯಲ್ಲಿ ಕಣಕವಿತ್ತು. ನಾದಿದ ಗೋಧಿಹಿಟ್ಟಿಗೆ ಅವರು ಯಾವಾಗಲೂ ಹೇಳುವುದು ಕಣಕವೆಂದೇ. ನಮ್ಮ ಮನೆಯಲ್ಲಿ ಆ ಮಾತು ಕೇಳುವುದು ಹೋಳಿಗೆಯ ದಿನ ಮಾತ್ರ. ಒಂದು ಚೂರು ಕಣಕವನ್ನು ಬಿಳಿ ಗೋಟಿಯ ಬದಿಗೆ ಮೆತ್ತಿ, ಕಪ್ಪು ಗೋಟಿಯಿಂದ ಹೊಡೆದರು. ಟಕ್ ಎನ್ನಲಿಲ್ಲ. ಮೆತ್ತಗೆ ತಾಗಿ ಅಂಟಿಕೊಂಡು, ಎರಡೂ ಸೇರಿ ನಿಧಾನಕ್ಕೆ ಒಂದಿಷ್ಟು ದೂರ ಸಾಗಿದವು.

"ತೂಕ ಎರಡು ಪಟ್ಟು ಆತು, ವೇಗ ಅರ್ಧ ಆತು. ಗುಣಿಸಿ ನೋಡ್ರಿ, ಸಂವೇಗ ಎಷ್ಟಿತ್ತೋ ಅಷ್ಟ ಐತಿ. ಈಗ ಚಲನಶಕ್ತಿ ಲೆಕ್ಕ ಹಾಕ್ರಿ. ಅರ್ಧ ಇಲ್ಲ! ಎಲ್ಲಿ ಹೋತು?"

ನಮ್ಮಲ್ಲೊಬ್ಬಳು ನಿಜಕ್ಕೂ ಬಗ್ಗಿ ಮೇಜಿನ ಕೆಳಗೆ ನೋಡಿದಳು. ಅಕ್ಕೋರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಗೋಟಿಯನ್ನು ಎತ್ತಿ ಕಣಕದಲ್ಲಿ ಬಿದ್ದ ತಗ್ಗನ್ನು ತೋರಿಸಿದರು. "ಇದರಾಗ ಹೋತು ನೋಡ್ರಿ. ಕಣಕ ತಗ್ಗು ಬಿತ್ತು, ಒಂದು ಚೂರು ಬೆಚ್ಚಗ ಆತು. ನಿಮ್ಮ ಬೆರಳಿಗೆ ತಿಳಿಯೂದಿಲ್ಲ, ಆದ್ರ ಆಗೇತಿ. ಶಕ್ತಿ ಎಲ್ಲಿಗೂ ಓಡಿಹೋಗೂದಿಲ್ಲರೋ, ಬೆಚ್ಚಗಾಗಿ ಒಳಗ ಕೂಡ್ತೈತಿ."

ಆ ವಾರದ ಪರೀಕ್ಷೆಯಲ್ಲಿ ನಾನೊಂದು ಎಡವಟ್ಟು ಮಾಡಿದೆ. ಡಿಕ್ಕಿಯಾದಾಗ ಒಟ್ಟು ಸಂವೇಗಕ್ಕೆ ಏನೂ ಕೇಡಾಗುವುದಿಲ್ಲ ಎಂಬರ್ಥದಲ್ಲಿ, ದೊಡ್ಡ ಕನ್ನಡ ಬರೆಯುತ್ತೇನೆಂಬ ಹುಮ್ಮಸ್ಸಿನಿಂದ, "ಸಂವೇಗಕ್ಕೆ ಧಕ್ಕಾ ಆಗುವುದಿಲ್ಲ" ಎಂದು ಬರೆದಿದ್ದೆ. ಅಕ್ಕೋರು ಅದನ್ನು ಕ್ಲಾಸಿನ ಮುಂದೆ ಓದಿದರು.

"ನಮ್ಮವ್ವಾ, ಧಕ್ಕಾ ಬ್ಯಾರೆ, ಧಕ್ಕೆ ಬ್ಯಾರೆ! ಧಕ್ಕಾ ಅಂದ್ರ ನೂಕೂದು. ಧಕ್ಕೆ ಅಂದ್ರ ಕೇಡು. ಧಕ್ಕಾ ಆಗೇ ಆಗ್ತೈತಿ, ಧಕ್ಕಾ ಆಗದ ಡಿಕ್ಕಿ ಎಲ್ಲೈತಿ? ಧಕ್ಕೆ ಆಗೂದಿಲ್ಲ ಅಂತ ಬರಿ."

ಎಲ್ಲರೂ ನಕ್ಕರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಎದ್ದು ನಿಂತು, "ನನಗೆ ಧಕ್ಕಾ ಆದಾಗ ಧಕ್ಕೆಯೂ ಆಯ್ತಲ್ಲ ಅಕ್ಕೋರೇ?" ಎಂದು ಮಣಿಕಟ್ಟು ಎತ್ತಿ ತೋರಿಸಿದೆ. ನಗು ಇನ್ನೂ ಜೋರಾಯಿತು. ಅಕ್ಕೋರು ನಗಲಿಲ್ಲ. ಕ್ಲಾಸು ಬಿಟ್ಟ ಮೇಲೆ ನನ್ನನ್ನು ನಿಲ್ಲಿಸಿಕೊಂಡು ಎಲ್ಲ ಕೇಳಿದರು. ಗಾಡಿ, ಮಾಟುಂಗಾ, ಎಕ್ಸ್‌ರೇ, ಅಪ್ಪನ ಮಾತು… ನಾನು ಅಳುತ್ತ ಹೇಳಿದೆ.

"ಧಕ್ಕಾ ಇಲ್ಲದ ಜಾಗಾ ಈ ಮುಂಬಯಿಯೊಳಗ ನನಗಂತೂ ಸಿಕ್ಕಿಲ್ಲ ತಂಗಿ" ಎಂದರು. "ಧಕ್ಕೆ ಆಗಲಾರದಂಗ ಧಕ್ಕಾ ತಿನ್ನೂದು ಕಲಿಯಬೇಕು, ಅಷ್ಟ. ನೀ ಅವತ್ತ ಗೋಟಿ ಆಗಿದ್ದಿ. ಬಿರುಸಾಗಿ ನಿಂತಿ, ಬಂದದ್ದು ತಾಗಿತು, ಎಗರಿ ಬಿದ್ದಿ. ಗೋಟಿ ಆಗಬ್ಯಾಡ. ಕಣಕ ಆಗು."

ಆ ಸಂಜೆಯೇ ಅವರು ಅಪ್ಪ ಕೆಲಸ ಮಾಡುತ್ತಿದ್ದ ಹೋಟೆಲಿಗೆ ಬಂದರು. ಅಪ್ಪ ದೋಸೆಯ ಕಲ್ಲಿನ ಮುಂದಿನಿಂದ ಕೈ ಒರೆಸಿಕೊಳ್ಳುತ್ತ ಬಂದರು. ಟೀಚರು ಹೋಟೆಲಿಗೇ ಬಂದಿದ್ದಾರೆಂದರೆ ಮಗಳು ಫೇಲಾದಳೆಂದೇ ಅವರ ಲೆಕ್ಕ.

"ಅಣ್ಣಾರ, ಹುಡುಗೀನ್ನ ಸೈನ್ಸಿಗೆ ಹಾಕ್ರಿ."

"ಹಾಕಬಾರದು ಅಂತ ಅಲ್ಲ ಟೀಚರ್. ಗಾಡಿ ನೋಡಿದ್ರೆ ನಡುಗ್ತಾಳೆ ಅವಳು. ಹಾರಿಕೊಂಡು ಹೋಗ್ಲಿಕ್ಕೆ ಆಗ್ತದಾ ಮಾಟುಂಗಾಕ್ಕೆ?"

"ಗಾಡೀದು ನನಗ ಬಿಡ್ರಿ."

"ಮತ್ತೆ ಬಿದ್ದರೆ?"

 "ನಾ ಹಿಂದ ಇರ್ತೀನ್ರಿ ಅಣ್ಣಾರ" ಎಂದರು ಅಕ್ಕೋರು. ಅಪ್ಪ ಒಳಗೆ ಹೋಗಿ ತಾವೇ ಕಾಫಿ ಮಾಡಿಕೊಂಡು ಬಂದರು.

ಹತ್ತನೆಯ ಪರೀಕ್ಷೆ ಮುಗಿದ ಮೇಲೆ ನನ್ನ ನಿಜವಾದ ಪಾಠ ಶುರುವಾಯಿತು. ಮೊದಲಿಗೆ ಗಾಡಿ ಹತ್ತುವ ಮಾತೇ ಇಲ್ಲ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ಶೇಂಗಾ ತಿನ್ನುತ್ತ, ಜನ ಹತ್ತುವುದನ್ನು ನೋಡುವುದು. ಅಕ್ಕೋರದು ಕ್ರಿಕೆಟ್ಟಿನ ಕಾಮೆಂಟರಿಯ ಹಾಗೆ. "ಆ ನೀಲಿ ಡ್ರೆಸ್ ನೋಡು. ಮೊಣಕೈ ಚಾಚ್ಯಾಳ, ಗೋಟಿ. ಈಗ ಪುಟದು ಬರ್ತಾಳ ನೋಡು… ಬಂದ್ಲಾ? ಈ ಕಡೆ ಮೀನಿನ ಬುಟ್ಟಿ ಮೌಶಿ ನೋಡು. ಸ್ಟ್ರೈಕರ್! ಅಕೀ ಎದುರು ಯಾವಾಗಲೂ ನಿಂದರಬ್ಯಾಡ. ಆ ಮುದುಕಿ ನೋಡು ಯವ್ವಾ, ಕಡ್ಡಿಯಂಗ ಅದಾಳ, ಹೆಂಗ ಒಳಗ ಹೋದ್ಲು! ಜನದ ಸಂಗಾಟನ ಹೊಂಟ್ಲು, ಜನರಽ ಒಯ್ದು ಒಳಗ ಇಟ್ರು. ಅದು ಕಣಕ." ನಗುತ್ತ ನಗುತ್ತ ಗಾಡಿಯ ಸದ್ದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಅದು ಗೊತ್ತಾದದ್ದು ಮನೆಗೆ ಹೋದ ಮೇಲೆ.

ಆಮೇಲೆ ಮಧ್ಯಾಹ್ನದ ಖಾಲಿ ಗಾಡಿಗಳು. ಬ್ಯಾಗು ಎದೆಯ ಮೇಲೆ. ಮೊಣಕಾಲು ಸಡಿಲ. ಹಿಂದಿನಿಂದ ಬರುವವರು ತಾಗುವ ಮೊದಲೇ ಅವರ ವೇಗಕ್ಕೆ ಹೊಂದಿಕೊಂಡು ಹೆಜ್ಜೆ ಹಾಕುವುದು. "ಇಬ್ರೂ ಒಂದಽ ವೇಗದಾಗ ಹೊಂಟ್ರ ಡಿಕ್ಕಿ ಎಲ್ಲಿಂದ ಬರ್ತೈತಿ ಹೇಳು?" ಒಂದು ವಿಷಯದಲ್ಲಿ ಮಾತ್ರ ಅಕ್ಕೋರು ಬಹಳ ಕಟ್ಟುನಿಟ್ಟು. "ಹೊಂಟ ಗಾಡಿಗೆ ಕೈ ಹಚ್ಚಿದ್ರ ನೀ ನನ್ನ ಶಿಷ್ಯಳಽ ಅಲ್ಲ. ಹೋದದ್ದು ಹೋಗಲಿ, ಹಿಂದ ಇನ್ನೊಂದು ಬರ್ತೈತಿ." ಇವತ್ತಿಗೂ ನಾನು ಹೊರಟ ಗಾಡಿಯನ್ನು ಮುಟ್ಟಿದವಳಲ್ಲ.

ಮಾಟುಂಗಾದಲ್ಲಿ ಸೀಟು ಸಿಕ್ಕಿತು. ಕಾಲೇಜಿನ ಮೊದಲ ದಿನ ಮಳೆ. ಪ್ಲಾಟ್‌ಫಾರ್ಮಿನ ತುಂಬ ಒದ್ದೆ ಕೊಡೆಗಳು. ಅಕ್ಕೋರು ಮುಲುಂಡಿನಿಂದ ಬಂದು ಇಳಿದವರು ಶಾಲೆಯ ಕಡೆ ಹೋಗಲಿಲ್ಲ, ನನ್ನ ಹಿಂದೆ ಬಂದು ನಿಂತರು. ಮುಂದಿನ ಗಾಡಿ ಬಂತು. ಜನ ಅಲೆಯಂತೆ ಎದ್ದರು. ನನ್ನ ಮೈ ಮತ್ತೆ ಕಂಬವಾಗತೊಡಗಿತು. ಆಗ ಬೆನ್ನಿನ ನಡುವೆ ಒಂದು ಅಂಗೈ ಬಂದು ಕೂತಿತು. ನೂಕಲಿಲ್ಲ. ಸುಮ್ಮನೆ ಇತ್ತು, ಬೆಚ್ಚಗೆ. "ಕಣಕ" ಎಂದರು ಕಿವಿಯ ಹತ್ತಿರ. ಮೊಣಕಾಲು ಸಡಿಲವಾಯಿತು. ಹಿಂದಿನಿಂದ ಬಂದ ನೂಕುನುಗ್ಗಲೆಲ್ಲ ಮೊದಲು ಅವರ ಬೆನ್ನಿಗೆ ತಾಗಿ, ಅವರ ಮೈ ದಾಟಿ, ಆ ಅಂಗೈಯ ಮೂಲಕ ನನಗೆ ಬರುವಷ್ಟರಲ್ಲಿ ಮೆತ್ತಗಾಗಿತ್ತು. ಹೇಗೆ ಹತ್ತಿದೆನೋ ತಿಳಿಯಲಿಲ್ಲ. ಕಣ್ಣು ಬಿಟ್ಟಾಗ ಒಳಗಿದ್ದೆ. ಅಕ್ಕೋರು ನನ್ನ ಜತೆ ವಿದ್ಯಾವಿಹಾರದವರೆಗೆ ಬಂದು, ಅಲ್ಲಿ ಇಳಿದು, ಆಚೆಯ ಗಾಡಿ ಹಿಡಿದು ಘಾಟ್ಕೋಪರಿಗೆ ವಾಪಸು ಹೋದರು.

ಮರುದಿನವೂ ಹಾಗೆಯೇ. ಅದರ ಮರುದಿನವೂ. ಶಾಲೆಗೆ ತಡವಾಗಿ ಹೋಗಿ ಹೆಡ್ ಮಾಸ್ತರರಿಂದ ಮಾತು ಕೇಳಿಸಿಕೊಳ್ಳುತ್ತಿದ್ದರೆಂದು ನಂತರ ಯಾರೋ ಹೇಳಿದರು. ಆ ಮಳೆಗಾಲದಲ್ಲಿ ಅವರ ಸೀರೆಯ ನಿರಿಗೆ ಕೆಟ್ಟಿರುತ್ತಿತ್ತು, ಪಿನ್ನು ಕಿತ್ತುಹೋಗಿರುತ್ತಿತ್ತು. ಅವರೊಬ್ಬರೇ ಬರುವಾಗ ಜನದ ಜತೆ ಹಿಟ್ಟಿನಂತೆ ಬೆರೆತು ಬರುತ್ತಿದ್ದವರು, ನನ್ನ ಹಿಂದೆ ನಿಂತಾಗ ಗೋಡೆಯಾಗುತ್ತಿದ್ದರು. ನನಗೆ ಕಣಕವಾಗು ಎಂದು ಹೇಳಿ ತಾವು ಎಲ್ಲ ಪೆಟ್ಟು ತಿನ್ನುತ್ತಿದ್ದರು, ನೋಡಿ!

ಒಂದು ಬೆಳಗ್ಗೆ, ಮಳೆ ಹಿಂದೆಗೆದಿತ್ತು. ಗಾಡಿ ಬಂತು, ಅಂಗೈ ಬೆನ್ನಿಗೆ ತಾಗಿತು, ಜನದ ಜತೆ ಹೊರಟೆ, ಒಳಗೆ ಸೇರಿದೆ, ಮೇಲಿನ ಹಿಡಿಕೆ ಹಿಡಿದೆ. ಏನೋ ಹೇಳಲೆಂದು ತಿರುಗಿದರೆ ಹಿಂದೆ ಯಾರೋ ಗುಜರಾತಿ ಹೆಂಗಸು. ಕತ್ತು ಚಾಚಿ ನೋಡಿದೆ. ಅಕ್ಕೋರು ಪ್ಲಾಟ್‌ಫಾರ್ಮಿನ ಮೇಲೆಯೇ ನಿಂತಿದ್ದರು. ಸುತ್ತ ಜನ ಓಡುತ್ತಿದ್ದರು, ಅವರೊಬ್ಬರೇ ನಿಂತಿದ್ದರು. ಬೆನ್ನು ಮುಟ್ಟಿದ ಕೈ ಇನ್ನೂ ಗಾಳಿಯಲ್ಲೇ ಇತ್ತು. ಗಾಡಿ ಹೊರಟಿತು. ನಾನು ಕೂಗಿದೆನೋ ಇಲ್ಲವೋ… ನೆನಪಿಲ್ಲ. ಮುಖದ ತುಂಬ ನಗು ಇಟ್ಟುಕೊಂಡು ನಿಂತ ಅವರು ಚಿಕ್ಕವರಾಗುತ್ತ ಹೋದದ್ದು ಮಾತ್ರ ನೆನಪಿದೆ.

ಅಂದು ವಿದ್ಯಾವಿಹಾರ ದಾಟಿ ಕುರ್ಲಾ ಬರುವವರೆಗೂ ಅತ್ತೆ. ಭಯಕ್ಕಲ್ಲ.

ಎಕ್ಸ್‌ರೇ ಮೆಷಿನ್ನಿನ ಹಿಂದೆ ನಿಲ್ಲುವ ಆಸೆ ಈಡೇರಿತು. ಇಷ್ಟು ವರ್ಷಗಳಿಂದ ಒಂದು ಆಸ್ಪತ್ರೆಯಲ್ಲಿ ಅದೇ ಕೆಲಸ. ಬೈಕು, ರಿಕ್ಷಾ, ಬಾತ್‌ರೂಮಿನ ನೆಲ, ಯಾವುದಕ್ಕಾದರೂ ಡಿಕ್ಕಿ ಹೊಡೆದುಕೊಂಡವರೇ ನನ್ನ ಗಿರಾಕಿಗಳು. ಅಕ್ಕೋರು ರಿಟೈರಾಗಿ ಬೊರಿವಲಿಯಲ್ಲಿದ್ದ ಮಗಳ ಮನೆಗೆ ಹೋದರು. ನಮ್ಮ ಶಾಲೆಯಲ್ಲೂ ಈಗ ಕನ್ನಡವಿಲ್ಲ, ಇಂಗ್ಲಿಷಿನ ಬೋರ್ಡು ಬಂದಿದೆ. ದೀಪಾವಳಿಗೊಮ್ಮೆ ದಾದರಿನಲ್ಲಿ ಗಾಡಿ ಬದಲಿಸಿ ಬೊರಿವಲಿಗೆ ಹೋಗುತ್ತಿದ್ದೆ. ಕಡೆಯ ಸಲ ಹೋದಾಗ ಅವರು ಬಹಳ ಇಳಿದುಹೋಗಿದ್ದರು. ಆ ತುಂಬಿದ ಮೈ ಎಲ್ಲಿ ಹೋಯಿತೋ. ತಮಾಷೆಗೆಂದು ಕೇಳಿದೆ, "ಅಕ್ಕೋರೇ, ಅವತ್ತು ನೀವು ಪ್ಲಾಟ್‌ಫಾರ್ಮಿನಲ್ಲಿ ನಿಂತದ್ದು ನಿಯಮಕ್ಕೆ ವಿರುದ್ಧ ಅಲ್ವಾ? ಭಾರದ್ದು ಹಗುರದ್ದಕ್ಕೆ ತಾಗಿದರೆ ನಿಲ್ಲಬಾರದು, ಸ್ವಲ್ಪ ಮುಂದೆ ಬರಬೇಕು. ನೀವೇ ಕಲಿಸಿದ್ದು."

ಅವರು ನನ್ನ ಮಣಿಕಟ್ಟನ್ನು, ಆ ಹಳೆಯ ಜಾಗವನ್ನು, ಹೆಬ್ಬೆರಳಿನಿಂದ ಸವರುತ್ತ ನಕ್ಕರು. "ನಾನೂ ಏರಬೇಕಂತನ ಇದ್ದೆ. ನೀ ಒಬ್ಬಾಕೀನ ಹೊಂಟಿದ್ದು ನೋಡಿ ನಿಂತೆ. ಅವತ್ತ ನೀ ನನ್ನ ಸಮಾ ತೂಕ ಆಗಿದ್ದಿ, ತಂಗಿ. ಸಮಾ ತೂಕ ಆದ್ರ ಮೊದಲಿಂದು ನಿಂದರೂದ."

ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಅವರ ಮಗಳ ಫೋನು ಬಂತು. ಆಕೆ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಕನ್ನಡ ತಡವರಿಸುತ್ತದೆ. "ದೀದಿ, ಅವ್ವ… ಅವ್ವ ಹೋದ್ಲು. ನಿದ್ದಿ ಮೇ ಹೀ. ಅವ್ವಗ ಕುಛ್ ಭೀ ಧಕ್ಕಾ ಆಗ್ಲಿಲ್ಲ…" ನೋವಾಗಲಿಲ್ಲ, ನರಳಲಿಲ್ಲ ಎನ್ನಬೇಕಿತ್ತು ಪಾಪ. ಧಕ್ಕೆ ಎನ್ನಬೇಕು ಮಗಾ, ಧಕ್ಕಾ ಬೇರೆ… ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ತಿದ್ದುವವರೇ ಇಲ್ಲದ ಮೇಲೆ ಯಾರನ್ನು ಏನು ತಿದ್ದುವುದು? ಹೂಂ ಎಂದೆ. ಎಷ್ಟು ಮೆತ್ತಗೆ ನಿಂತರೂ ಆ ಧಕ್ಕಾ ನನ್ನನ್ನು ಹೊಡೆದೇ ಹೊಡೆಯಿತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಮೊನ್ನೆ ಭಾನುವಾರ ಮಗಳು ಕೈ ತೊಳೆದು ಬಂದು, "ಮಮ್ಮಿ, ಗುಸ್ಸಾ ಬಂತಾ? ಕುರ್ತಾ ನಾನೇ ತೊಳೀತೀನಿ" ಎಂದಳು. ಇಲ್ಲ ಎಂದೆ. ಪರಾತದಲ್ಲಿ ಕಣಕ ಹಾಗೆಯೇ ಇತ್ತು, ನಾದಿ ನಾದಿ ಬೆಚ್ಚಗಾಗಿತ್ತು. ಅವಳಿಗೆ ಹಸಿವು, ಒಲೆ ಹಚ್ಚಿ ತವೆ ಇಟ್ಟೆ.

ಬೆಳಗ್ಗೆ ಮುಲುಂಡ್ ಸ್ಟೇಷನ್ನಿನಲ್ಲಿ ಬೆನ್ನಿಗೆ ಯಾರದಾದರೂ ಕೈ ತಾಗಿದರೆ ಈಗಲೂ ಒಮ್ಮೆ ತಿರುಗಿ ನೋಡುತ್ತೇನೆ. ಯಾರೋ ಇರುತ್ತಾರೆ. "ಆಂಟಿ, ಆಗೇ ಬಢೋ ನಾ" ಎನ್ನುತ್ತಾರೆ. ಮುಂದೆ ಹೋಗುತ್ತೇನೆ. ಸಮ ತೂಕವಂತೆ! ಅಷ್ಟು ದೊಡ್ಡ ಜೀವಕ್ಕೆ ನಾನೆಲ್ಲಿಯ ಸಮ? ಅಕ್ಕೋರು ಕಲಿಸಿದ್ದನ್ನೆಲ್ಲ ಒಪ್ಪಿದ್ದೇನೆ, ಆ ಒಂದು ಉತ್ತರಕ್ಕೆ ಮಾತ್ರ ನಾನು ಅವರಿಗೆ ಮಾರ್ಕ್ಸ್ ಕೊಡುವುದಿಲ್ಲ.